ಕಾರಿಲ್ಲದವರ ಅಂಗಡಿ

ನನ್ನ ಬಳಿ ಕಾರಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ದಿಲ್ಲಿಯಲ್ಲಿ ಕಾರಿಲ್ಲದ ಆರ್ಕಿಟೆಕ್ಟ್ ಎಂದರೆ ಒಂದೋ ಆದರ್ಶವಾದಿ, ಇಲ್ಲವೇ ಕೆಲಸ ಬಾರದವನು ಎಂದು ಜನ ತಿಳಿಯುತ್ತಾರೆ. ನಿಜ ಹೇಳಬೇಕೆಂದರೆ ನನಗೆ ರಿವರ್ಸ್ ಹೊಡೆಯಲು ಬರುವುದಿಲ್ಲ. ವಸಂತ್ ಕುಂಜ್‌ನ ನಮ್ಮ ಬ್ಲಾಕಿನಲ್ಲಿ ಕಾರು ನಿಲ್ಲಿಸುವ ಜಾಗಕ್ಕಾಗಿ ದಿನಾ ನಡೆಯುವ ಕುರುಕ್ಷೇತ್ರವನ್ನು ಬಾಲ್ಕನಿಯಿಂದ ನೋಡಿದ ಮೇಲೆ ಕಲಿಯುವ ಆಸೆಯೂ ಹೋಯಿತು.

ಮಾಲ್‌ಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲ ಅದು. ಘಾಜಿಯಾಬಾದಿನ ಲಾಲಾಜಿಯೊಬ್ಬರು ದೊಡ್ಡ ಅಂಗಡಿ ಕಟ್ಟಿಸಲು ನಮ್ಮ ಆಫೀಸಿಗೆ ಬಂದರು. ನನ್ನ ಮೊದಲ ನಕ್ಷೆಯಲ್ಲಿ ಅರ್ಧ ಸೈಟು ಪಾರ್ಕಿಂಗೇ. ಲಾಲಾಜಿ ಕನ್ನಡಕ ಏರಿಸಿ, "ಭಾಯಿ ಸಾಹಬ್, ಸುತ್ತ ಬರೀ ಫ್ಲ್ಯಾಟುಗಳು. ನನ್ನ ಗಿರಾಕಿ ನಡೆದು ಬರುತ್ತಾಳೆ. ಅಂಗಡಿ ಅವಳಿಗೋ ಕಾರಿಗೋ?" ಎಂದರು. ನಮ್ಮ ಬಾಸ್ ತಕ್ಷಣ ನನ್ನ ಬೆನ್ನು ತಟ್ಟಿ, "ಇವರಿಗೆ ಕಾರೇ ಇಲ್ಲ. ಚೀಲ ಹೊರುವವರ ಕಷ್ಟ ಇವರಿಗಿಂತ ಯಾರಿಗೆ ಗೊತ್ತು? ಸೋಮವಾರ ಹೊಸ ನಕ್ಷೆ ತೋರಿಸುತ್ತಾರೆ" ಎಂದುಬಿಟ್ಟರು. ಅದೂ ಪಾಸಾಗದಿದ್ದರೆ ಲಾಲಾಜಿ ಬೇರೆ ಆಫೀಸಿಗೆ ಹೋಗುವುದೂ, ಅವರ ಹಿಂದೆಯೇ ನಾನು ಮನೆಗೆ ಹೋಗುವುದೂ ಖಚಿತವಾಗಿತ್ತು.

ಮದುವೆಯಾಗಿ ಹನ್ನೊಂದು ವರ್ಷವಾದರೂ ನಾನು ಚೀಲ ಹೊತ್ತವನೇ ಅಲ್ಲ. ಸಾಮಾನೆಲ್ಲ ತರುವವಳು ಹೆಂಡತಿ ಸುಮಿತ್ರಾ. ಭಾನುವಾರ ನೋಟ್‌ಬುಕ್ಕು, ಅಳತೆಯ ಟೇಪು ಹಿಡಿದು ಅವಳ ಹಿಂದೆ ಮಾರ್ಕೆಟ್ಟಿಗೆ ಹೊರಟೆ. "ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ?" ಎಂದಳಾದರೂ ಮುಖ ಅರಳಿತ್ತು. ತರಕಾರಿಯವನನ್ನು "ಭಯ್ಯಾ, ಇದು ಹೀರೇಕಾಯೋ ಹಗ್ಗವೋ" ಎಂದು ಹಿಂದಿಯಲ್ಲಿ ಗದರಿ, ಅಕ್ಕಿ, ತರಕಾರಿ ಸೇರಿ ಎರಡು ಚೀಲ ತುಂಬಿಸಿದಳು. ವಾಪಸು ಬರುವಾಗ ಹಾಲಿನ ಬೂತಿನ ಮೆಟ್ಟಿಲು, ಪಾರ್ಕಿನ ಗೋಡೆ, ಬೇವಿನ ಮರದ ಕಟ್ಟೆ, ಹೀಗೆ ಐದು ಕಡೆ ಚೀಲ ಇಳಿಸಿ ನನ್ನನ್ನೇ ನೋಡಿದಳು. ನನಗೆ ಜ್ಞಾನೋದಯವಾಯಿತು. ಟೇಪು ಬಿಚ್ಚಿ ಕಟ್ಟೆಯ ಎತ್ತರ ಅಳೆದು ಬರೆದುಕೊಂಡೆ. "ಆಯ್ತಾ ನಿಮ್ಮ ಅಳತೆ? ಚಲೋ" ಎಂದು ಚೀಲ ಎತ್ತಿಕೊಂಡಳು.

ಸೋಮವಾರದ ನಕ್ಷೆಯಲ್ಲಿ ಪಾರ್ಕಿಂಗ್ ಮಾಯ. ಬಾಗಿಲ ಬಳಿ ಮೂಟೆ ಒಯ್ಯುವ ರಿಕ್ಷಾಗಳಿಗೆ ಜಾಗ, ಒಳಗೂ ಹೊರಗೂ ಕಟ್ಟೆಗಳು.

"ಮಾರುವ ಜಾಗದಲ್ಲಿ ಕೂರಿಸುತ್ತೀರಾ?" ಎಂದರು ಲಾಲಾಜಿ.

"ಕೈ ಸೋತವಳು ಮನೆಯ ದಾರಿ ಹಿಡಿಯುತ್ತಾಳೆ. ದಣಿವಾರಿಸಿಕೊಂಡವಳು ಇನ್ನೊಂದು ಪ್ಯಾಕೆಟ್ ಎತ್ತಿಕೊಳ್ಳುತ್ತಾಳೆ" ಎಂದೆ. ಲಾಲಾಜಿ ನನ್ನ ಕೈ ಕುಲುಕಿದರು.

ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಬಂದು, ಅವಳ ದಣಿವೇ ನನ್ನ ನೌಕರಿ ಉಳಿಸಿತೆಂದು ಪ್ರೀತಿಯಿಂದಲೇ ಹೇಳಿದೆ. ಸುಮಿತ್ರಾ ಜಿಲೇಬಿ ಮುರಿಯುತ್ತಾ, "ನನಗೆಲ್ಲಿ ದಣಿವಾಗಿತ್ತು ಕಣ್ರೀ? ಒಂದು ಕಡೆಯಾದ್ರೂ ನೀವು ಚೀಲ ಎತ್ಕೋತೀರೇನೋ ಅಂತ ಇಳಿಸಿ ನೋಡಿದೆ" ಎಂದಳು.

ಮುಂದಿನ ಭಾನುವಾರ ಎರಡೂ ಚೀಲ ನಾನೇ ಹೊತ್ತೆ. ಹಾಲಿನ ಬೂತಿನ ಮೆಟ್ಟಿಲ ಮೇಲೆ ಕುಸಿದು ಕೂತಾಗ ತಿಳಿಯಿತು, ಲಾಲಾಜಿಗೆ ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಟ್ಟೆ ಬೇಕಾಗಿದ್ದದ್ದು ಮಾತ್ರ ನನಗೆ.