ಮುಚ್ಚಳದ ಮೇಲಿನ ಕೈ

ಗ್ರಂಥಪಾಲಕರ ಬಿಳಿ ಅಂಗಿಯ ಮೇಲೆ ಬಂದು ಬಿದ್ದ ಟೊಮೇಟೊ ರಸವೇ ಅಂದಿನ ಬಂಡಾಯದ ಬಾವುಟವಾಯಿತು.

ಮಿಕ್ಸಿ ತಿರುಗುತ್ತಿತ್ತು. ಮೂಗು ತುರಿಸಿತು. ಮುಚ್ಚಳ ಒತ್ತಿಹಿಡಿದಿದ್ದ ಎರಡು ಕೈಗಳಲ್ಲಿ ಒಂದನ್ನು ಎತ್ತಿದರು, ಅಷ್ಟೇ. ಜಾರಿನಲ್ಲಿದ್ದದ್ದೆಲ್ಲ ಕೊನೆಯ ಗಂಟೆ ಹೊಡೆದ ಶಾಲೆಯ ಮಕ್ಕಳ ಹಾಗೆ ಹೊರಗೆ ನುಗ್ಗಿತು. ಹೆಂಡತಿ ಗಂಡನನ್ನು ಬಿಟ್ಟು ಮೊದಲು ಉಪ್ಪಿನ ಜಾಡಿಯನ್ನು ಒರೆಸಿದಳು. ಆ ಜಾಡಿಯ ಬಾಯಿಗೆ ಬಟ್ಟೆ ಮುಚ್ಚಿ, ಕಪ್ಪು ರಬ್ಬರಿನ ಬಳೆಯೊಂದನ್ನು ಬಿಗಿದಿದ್ದಳು.

ವರ್ಷಗಳಿಂದ ಇದೇ ಪಾಡು. ಆ ಮಿಕ್ಸಿಗೆ ಮುಚ್ಚಳ ನಿಲ್ಲುತ್ತಿರಲಿಲ್ಲ. ಬೆಳಗಾದರೆ "ರೀ, ಬನ್ನಿ" ಎಂದು ಕರೆ ಬರುತ್ತಿತ್ತು. ಇವರು ಪೇಪರು ಮಡಚಿಟ್ಟು ಬಂದು, ಓಡಿಹೋಗಲು ನೋಡುವ ಬೆಕ್ಕನ್ನು ಅದುಮಿದ ಹಾಗೆ ಮುಚ್ಚಳವನ್ನು ಅದುಮಿ ನಿಲ್ಲುತ್ತಿದ್ದರು. ಹೆಂಡತಿ ಸ್ವಿಚ್ಚಿನ ಪಕ್ಕ ನಿಂತು ಏನೋ ಹಾಡಿಕೊಳ್ಳುತ್ತಿದ್ದಳು. ಆ ಗದ್ದಲದಲ್ಲಿ ರಾಗ ಕೇಳಿಸದು, ತುಟಿ ಆಡುವುದಷ್ಟೇ ಕಾಣುತ್ತಿತ್ತು. ಹಾಡುವ ಹೆಂಡತಿ ಸಿಕ್ಕಿದ್ದಕ್ಕೆ ಹಿಗ್ಗಿ ಇವರು ತಲೆದೂಗುತ್ತಿದ್ದರು.

ಆದರೆ ಇವತ್ತು ಸಹನೆಯ ಕಟ್ಟೆ ಒಡೆಯಿತು.

"ಮುಗೀತು! ಇನ್ಮೇಲೆ ಈ ಕೈಗಳು ಯಾವ ಮುಚ್ಚಳಾನೂ ಮುಟ್ಟಲ್ಲ. ರಜಾ ದಿನ ಇದೆ, ಇವತ್ತೇ ಹೊಸದು ತರೋಣ. ಒಳ್ಳೇ ಪವರ್ ಇರೋದು, ಮುಚ್ಚಳಕ್ಕೆ ಲಾಕ್ ಇರೋದು!"

"ಇದಕ್ಕೇನಾಗಿದೆ? ಚೆನ್ನಾಗೇ ಅರೆಯುತ್ತಲ್ಲ."

"ಅರೀತಾ ಇರೋದು ನನ್ನ!"

ಕೂಗು ಕೇಳಿ ಕೆಳಗಿನ ಮನೆಯ ಟೈಲರ್ ಮೇಲೆ ಹತ್ತಿ ಬಂದ. ಈ ಕಟ್ಟಡದಲ್ಲಿ ಸೂಜಿ ಬಿದ್ದರೂ ಎತ್ತಿಕೊಡಲು ಬರುವವನು ಅವನೇ. "ಹಳೇ ಮಿಕ್ಸಿ ಬೇಡ್ವಾ ಸಾರ್?" ಎಂದ.

"ತಗೊಂಡು ಹೋಗಯ್ಯಾ! ನನ್ನ ಕಣ್ಣೆದುರಿಗೆ ಇರಬಾರದು."

ಹೆಂಡತಿ ತಡೆಯಲು ಕೈ ಚಾಚಿದಳು. ಅಷ್ಟರಲ್ಲಿ ಮಿಕ್ಸಿ ಟೈಲರ್‌ನ ಕಂಕುಳಲ್ಲಿತ್ತು.

"ಆಯ್ತು," ಎಂದಳು ಅವಳು, ತುಸು ಯೋಚಿಸಿ. "ಆದ್ರೆ ಆರಿಸೋದು ನಾನು."

ಅಂಗಡಿಯವನು ಮೊದಲು ತೋರಿಸಿದ್ದೇ ಗ್ರಂಥಪಾಲಕರ ಮನಸ್ಸಿಗೆ ಹಿಡಿಸಿತು. "ಪಕ್ಕದಲ್ಲಿ ಮಗು ಮಲಗಿದ್ರೂ ಏಳಲ್ಲ ಮೇಡಂ, ಅಷ್ಟು ಮೆತ್ತಗೆ," ಎಂದು ಅವನು ಚಾಲೂ ಮಾಡಿದ.

ಹೆಂಡತಿ ಕಿವಿಗೊಟ್ಟು ಕೇಳಿ ಮುಖ ಸಿಂಡರಿಸಿದಳು. "ಸದ್ದೇ ಸಾಲದು. ಬೇರೆ ತೋರಿಸಿ."

ಅಂಗಡಿಯವನು ತನ್ನ ಕಿವಿಯನ್ನೇ ಅನುಮಾನಿಸಿದ. "ಸದ್ದು ಜಾಸ್ತಿ ಬೇಕಾ ಮೇಡಂ?"

"ಸದ್ದಿಲ್ದೆ ಇದ್ರೆ ಕೆಲಸ ಮಾಡ್ತಿದೆ ಅಂತ ನಂಬೋದು ಹೇಗೆ?"

ಎರಡನೆಯದು ದುಂಬಿಯಂತೆ ಗುಂಯ್‌ಗುಟ್ಟಿತು. ಬೇಡವೆಂದಳು. ಮೂರನೆಯದಕ್ಕೆ ತಲೆ ಅಲ್ಲಾಡಿಸಿದಳು. ಕೊನೆಗೆ ಅವನು ಹೋಟೆಲಿನವರಿಗೆಂದೇ ಇಟ್ಟಿದ್ದ ಒಂದನ್ನು ಮೂಲೆಯಿಂದ ಎಳೆದು ಚಾಲೂ ಮಾಡಿದ. ಲಾರಿಯೊಂದು ಅಂಗಡಿಯೊಳಗೆ ನುಗ್ಗಿತೆಂದು ದಾರಿಹೋಕರು ಇಣುಕಿದರು. ಹೆಂಡತಿಯ ಮುಖ ಅರಳಿತು.

"ಇದಕ್ಕೆ ಲಾಕ್ ಇದೆಯಾ?" ಗ್ರಂಥಪಾಲಕರು ಅರಚಿದರು.

"ಎರಡೂ ಕಡೆ ಇದೆ ಸಾರ್!"

ಲಾಕ್ ಇದ್ದರಾಯಿತು. ಸದ್ದು ಅದರ ಪಾಡಿಗಿರಲಿ, ತಾನು ಕೋಣೆಯ ಬಾಗಿಲು ಹಾಕಿಕೊಂಡು ಪೇಪರು ಓದಿದರಾಯಿತು. ಹೀಗೆಂದುಕೊಂಡು ಅವರು ಗೆದ್ದ ಸೇನಾಪತಿಯಂತೆ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಮನೆಗೆ ಬಂದರು.

ಮುಖ ತೊಳೆದು ಬರುವಷ್ಟರಲ್ಲಿ ಹೆಂಡತಿ ಜಾರು, ಮುಚ್ಚಳ ಎಲ್ಲ ತೊಳೆದಿಟ್ಟಿದ್ದಳು. ಟೈಲರ್ ಕೂಡ ಹೊಸದನ್ನು ನೋಡಲು ಹಾಜರಾಗಿದ್ದ.

"ನೋಡಯ್ಯಾ," ಎಂದು ಗ್ರಂಥಪಾಲಕರು ಲಾಕುಗಳನ್ನು ಟಕ್ ಟಕ್ ಎಂದು ಬಿಗಿದು, ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತರು. "ಹಾಕೇ ಸ್ವಿಚ್ಚು!"

ಮನೆ ಅದುರಿತು. ಮುಚ್ಚಳದ ಸುತ್ತಲಿನ ಸಂದಿಯಿಂದ ಟೊಮೇಟೊ ಕಾರಂಜಿಯಂತೆ ಚಿಮ್ಮಿ ಸೂರು ಮುಟ್ಟಿತು. ಮಿಕ್ಕದ್ದು ಎರಡನೇ ಅಂಗಿಯ ಪಾಲಾಯಿತು.

ಟೈಲರ್ ಮುಚ್ಚಳವನ್ನು ತಿರುಗಿಸಿ ನೋಡಿದ. "ಒಳಗೆ ರಬ್ಬರ್ ರಿಂಗೇ ಇಲ್ವಲ್ಲ ಸಾರ್! ವಿಚಿತ್ರ. ನೀವು ಕೊಟ್ಟ ಹಳೇದ್ರಲ್ಲೂ ಇರಲಿಲ್ಲ. ಒಂದು ತಂದು ಹಾಕಿದೆ ನೋಡಿ, ಹಸುವಿನ ಹಾಗೆ ನಿಂತ್ಕೊಂಡು ಅರೆಯುತ್ತೆ."

ಗ್ರಂಥಪಾಲಕರ ದೃಷ್ಟಿ ನಿಧಾನವಾಗಿ ಉಪ್ಪಿನ ಜಾಡಿಯ ಕಡೆ ಹೊರಳಿತು. ಅದರ ಪಕ್ಕದಲ್ಲಿದ್ದ ಸಕ್ಕರೆ ಜಾಡಿಯ ಬಾಯಿಗೂ ಈಗ ಬಟ್ಟೆ ಬಂದಿತ್ತು. ಬಟ್ಟೆಯ ಮೇಲೆ ಹೊಚ್ಚ ಹೊಸ ಕಪ್ಪು ಬಳೆ.

ಟೈಲರ್‌ಗೆ ತನ್ನ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸದೆ ಬಂದದ್ದು ಥಟ್ಟನೆ ನೆನಪಾಯಿತು; ಮೆಟ್ಟಿಲಿಳಿದು ಮಾಯವಾದ.

"ನೀನೇನಾ?" ಎಂದರು ಗ್ರಂಥಪಾಲಕರು.

"ಹೌದು, ನಾನೇ. ಏನೀಗ?"

"ಯಾಕೆ?"

"ಬೇರೆ ಯಾವಾಗ ಮಾತಾಡಲಿ? ಬಾಯಿ ತೆರೆದ್ರೆ ಸಾಕು, ಇದನ್ನೂ ಲೈಬ್ರರಿ ಅಂದ್ಕೊಂಡು ತುಟಿ ಮೇಲೆ ಬೆರಳಿಟ್ಟು 'ಶ್ಶ್' ಅಂತೀರಿ. ಮುಚ್ಚಳ ಹಿಡಿದಾಗ ಬೆರಳೆತ್ತೋಕಾಗಲ್ಲ, ಎದ್ದು ಹೋಗೋಕೂ ಆಗಲ್ಲ."

"ಅಂದ್ರೆ... ನೀನು ಹಾಡ್ತಾ ಇರಲಿಲ್ವಾ?"

"ಹಾಡು! ನಿಮ್ಮಕ್ಕ ನನಗಂದ ಮಾತಿಂದ ಹಿಡಿದು ನೀವು ಹಾಸಿಗೆ ಮೇಲೆ ಬಿಸಾಕೋ ಒದ್ದೆ ಟವೆಲ್‌ವರೆಗೆ ದಿನಾ ಹೇಳಿ ಮುಗಿಸ್ತಿದ್ದೆ. ನೀವೂ ಪಾಪ, ಎಲ್ಲಾ ಒಪ್ಕೊಂಡು ತಲೆ ಆಡಿಸ್ತಿದ್ರಿ. ಬನ್ನಿ, ಹಿಡ್ಕೊಳ್ಳಿ. ಇನ್ನೂ ಅರೆದಾಗಿಲ್ಲ."

ಗ್ರಂಥಪಾಲಕರ ಮೈಯೆಲ್ಲ ಉರಿಯಿತು. ಆದರೆ ಹೊಟ್ಟೆಯೂ ಉರಿಯುತ್ತಿತ್ತು, ಮಧ್ಯಾಹ್ನದ ಊಟವೂ ಆಗಿರಲಿಲ್ಲ.

"ಹಿಡೀತೀನಿ. ಆದ್ರೆ ಒಂದೇ ಕೈ!"

ಬಲಗೈಯನ್ನು ಮುಚ್ಚಳದ ಮೇಲಿಟ್ಟರು. ಎಡಗೈಯ ತೋರುಬೆರಳನ್ನು ತುಟಿಗೆ ಒತ್ತಿ, ಕಣ್ಣು ಕೆಕ್ಕರಿಸಿ ಸಮರಕ್ಕೆ ನಿಂತರು. ಹೆಂಡತಿ ಆ ಬೆರಳನ್ನೇ ನೋಡುತ್ತ ಸ್ವಿಚ್ಚು ಹಾಕಿದಳು.

ಹೋಟೆಲಿನ ಮೋಟಾರು ಒಂದು ಕೈಗೆ ಜಗ್ಗುವಂಥದ್ದಲ್ಲ. ರಿಂಗಿಲ್ಲದ ಮುಚ್ಚಳ ಲಾಕಿನೊಳಗೇ ಸಡಿಲವಾಗಿ ಗುಟುರು ಹಾಕಿ ಮೇಲೆದ್ದಿತು. ತೋರುಬೆರಳು ತುಟಿಯನ್ನು ಬಿಟ್ಟು ಓಡಿ ಬಂದು ಬಲಗೈಯನ್ನು ಸೇರಿಕೊಂಡಿತು.

ಹೆಂಡತಿ ಸೆರಗು ಸಿಕ್ಕಿಸಿಕೊಂಡು ಅವರಕ್ಕನಿಂದಲೇ ಶುರುಮಾಡಿದಳು.

ಏನೇ ಆದರೂ ಈ ಸಲ ತಲೆ ಆಡಿಸುವುದಿಲ್ಲವೆಂದು ಗ್ರಂಥಪಾಲಕರು ಕತ್ತನ್ನು ಕಲ್ಲು ಮಾಡಿಕೊಂಡರು. ಆದರೆ ಆ ಮೋಟಾರಿನ ಅದುರು ಕೈಯಿಂದ ತೋಳಿಗೆ, ತೋಳಿಂದ ಹೆಗಲಿಗೆ, ಹೆಗಲಿಂದ ಕತ್ತಿಗೆ ಏರಿ, ತಲೆ ತಾನಾಗಿಯೇ ಹೌದು ಹೌದು ಎಂದು ಆಡತೊಡಗಿತು.