ಹೆಣ್ಣಿನ ಸ್ವಾತಂತ್ರ್ಯಕ್ಕೆ ನಮ್ಮ ಮನೆಯ ಕದ

ಲಿಂಗಸುಗೂರಿನ ಹೆಣ್ಣುಕುಲವನ್ನು ಉದ್ಧಾರ ಮಾಡಿಯೇ ತೀರುತ್ತೇನೆಂದು ನಾನು ಪಣ ತೊಟ್ಟ ವರ್ಷ ಅದು. ನಿಜಾಮರ ಕಾಲ. ಹಗಲೆಲ್ಲ ಕಚೇರಿಯಲ್ಲಿ ಉರ್ದು ಅರ್ಜಿ ನಕಲು ಮಾಡುವ ನಾನು ರಜಾದಿನ ಸೀರೆ ಉಟ್ಟು ನಾಟಕ ಮಂಡಳಿಯ ನಾಯಕಿ! ಈ ಸಲ ಆರಿಸಿದ್ದು ಯುರೋಪಿನ ಹಳೆಯ ನಾಟಕ. ಗಂಡ ಕುಣಿಸಿದಂತೆ ಕುಣಿದ ಹೆಂಡತಿ ಕೊನೆಗೆ ಧಡ್ಡನೆ ಕದ ಬಡಿದು ಮನೆ ಬಿಟ್ಟು ಹೋಗುತ್ತಾಳೆ.

ಹಗಲಾಟಕ್ಕೆ ಪೊಲೀಸ್ ಠಾಣೆಯ ಅಮೀನ ಸಾಹೇಬರ ಇಜಾಜತ್ತೂ, ಅಂದರೆ ಅಪ್ಪಣೆಯೂ, ಸಿಕ್ಕಿತು. ತೊಡಕು ಒಂದೇ. ನಮ್ಮ ಮಂಡಳಿಯ ಬಾಗಿಲು ಪರದೆಯ ಮೇಲೆ ಬಣ್ಣದಲ್ಲಿ ಬರೆದದ್ದು. ಎಷ್ಟು ಬಡಿದರೂ ಸದ್ದಿಲ್ಲ. ಹೆಣ್ಣಿನ ಸ್ವಾತಂತ್ರ್ಯ ಸದ್ದಿಲ್ಲದೆ ಬಂದರೆ ಯಾರಿಗೆ ತಿಳಿಯಬೇಕು? ಬಡಗಿ ಸೂಗಪ್ಪನನ್ನು ಕರೆಸಿ ನಮ್ಮ ಮನೆಯ ತಲೆಬಾಗಿಲ ಕದವನ್ನೇ ಕೀಳಿಸಿದೆ.

"ಕದ ಹೋದ್ರ ಮನಿ ಯಾರು ಕಾಯಬೇಕ್ರೀ?" ಎಂದಳು ಹೆಂಡತಿ ಶೇಖರಮ್ಮ.

"ನೀ ಇದ್ದೀಯಲ್ಲ."

"ನಾನೂ ನಾಟಕಕ್ಕ ಬರಬೇಕಂತ ಮಾಡೀನಿ."

"ನಿನಗ್ಯಾಕ? ಹೆಂಗಸರ ಸಂಕಟ ಏನಂತ ನಾ ಬಂದು ತಿಳಿಸಿ ಹೇಳ್ತೀನಿ."

ಅವಳ ಇಳಕಲ್ ಸೀರೆಯನ್ನು ಗಂಟು ಕಟ್ಟಿಕೊಂಡು ಹೊರಟೆ.

ಊರೇ ಸೇರಿತ್ತು. ಕೊನೆಯ ದೃಶ್ಯದಲ್ಲಿ, ಗಂಡನಾಗಿದ್ದ ಅಮರಗುಂಡಪ್ಪನನ್ನು ದುರುಗುಟ್ಟಿ ನೋಡಿ, ಸಮಸ್ತ ಸ್ತ್ರೀಕುಲದ ಸಿಟ್ಟನ್ನು ಕೈಗೆ ತಂದುಕೊಂಡು ಕದ ಬಡಿದೆ. ನೆಟ್ಟ ಕಂಬಗಳ ಸಮೇತ ಅದು ಅಮರಗುಂಡಪ್ಪನ ಮೇಲೆ ಉರುಳಿ ಎರಡು ಹೋಳಾಯಿತು. ಜನ "ಒನ್ಸ್ ಮೋರ್" ಎಂದು ಕೂಗಿದರು! ಕದದ ಕೆಳಗಿನಿಂದ "ಬ್ಯಾಡ್ರಪೋ" ಎಂಬ ಕ್ಷೀಣ ಸ್ವರ ಬಂತು.

"ಎಂಟು ದಿನ ಬೇಕ್ರೀ," ಎಂದ ಸೂಗಪ್ಪ, ಹೋಳುಗಳನ್ನು ಜೋಡಿಸಿ ನೋಡಿ. ಅಮರಗುಂಡಪ್ಪನ ಅಣ್ಣಂದಿರು ನನ್ನನ್ನು ಹುಡುಕುವ ಮೊದಲೇ, ಧೋತರವನ್ನು ಮಂಡಳಿಯಲ್ಲೇ ಬಿಟ್ಟು, ಸೀರೆಯಲ್ಲೇ ಮನೆಗೆ ಓಡಿದೆ.

ಹೊಸ್ತಿಲಲ್ಲಿ ಶೇಖರಮ್ಮ ಗಂಟು ಹಿಡಿದು ನಿಂತಿದ್ದಳು. ಮುಂದೆ ನೆರೆಮನೆಯ ತಿಮ್ಮವ್ವನ ಬಂಡಿ.

"ಎಲ್ಲಿಗೆ?"

"ಮಸ್ಕಿಗೆ, ತವರಮನಿಗೆ. ನಾಳಿ ಅಲ್ಲಿ ಬ್ಯಾರೆ ಮಂಡಳಿ ನಾಟಕ ಐತಂತ. ನೋಡಿ ಬರ್ತೀನಿ."

"ಮನಿ ಯಾರು ಕಾಯಬೇಕು?"

"ನೀವು ಇದ್ದೀರಲ್ಲ."

ಬಂಡಿ ಹತ್ತಿ ಹಿಂದಿರುಗಿ ನೋಡಿದಳು. "ನಾನೂ ಕದ ಬಡದು ಹೋಗಬೇಕಂತಿದ್ದೆ. ಅದನ್ನೂ ನೀವ ಒಯ್ದಿರಿ."

ಬಂಡಿ ಮರೆಯಾದ ಮೇಲೆ ನೆನಪಾಯಿತು: ಬಟ್ಟೆಯ ಟ್ರಂಕಿನ ಬೀಗದ ಕೈ ಅವಳ ಸೊಂಟದಲ್ಲಿತ್ತು. ಧೋತರ ತರೋಣವೆಂದರೆ ಬಾಗಿಲಿಲ್ಲದ ಮನೆ ಬಿಟ್ಟು ಹೋಗುವ ಹಾಗಿಲ್ಲ. ಸೀರೆಯಲ್ಲೇ ಹೊಸ್ತಿಲ ಮೇಲೆ ಕೂತೆ. ನಾಚಿಕೆಯೂ ಆಯಿತು, ಹಸಿವೂ ಆಯಿತು.

ಅಷ್ಟರಲ್ಲಿ ಗುರುಗುಂಟಾದ ಬಳೆಗಾರನೊಬ್ಬ ಬಂದು ಬಾಗಿಲಿಲ್ಲದ ಮನೆಯನ್ನೂ ನನ್ನನ್ನೂ ನೋಡಿ ಮರುಗಿದ.

"ಯವ್ವಾ, ಒಬ್ಬಾಕೀನ ಕಾಯಾಕತ್ತೀಯಲ್ಲ. ಮನ್ಯಾಗ ಗಂಡಸರಿಲ್ಲೇನು?"

ನಾನು ಸೆರಗು ಎಳೆದುಕೊಂಡೆ.

"ಹೆಂಗಸರನ್ನ ಉದ್ಧಾರ ಮಾಡಾಕ ಹೋಗ್ಯಾರ," ಎಂದೆ.