ಪೋರ್ಚಿಗೆ ಬಂದ ಪೆಟ್ರೋಲ್ ಪಂಪು

ಹಳೆಯ ಸಾಮಾನನ್ನು ವಿಪರೀತ ಪ್ರೀತಿಸುವವರು ಸಾಮಾನ್ಯವಾಗಿ ಅದನ್ನು ಒಂದು ದಿನವೂ ಬಳಸದೆ ಇದ್ದವರು. ಸೌದೆ ಒಲೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡಿದ್ದ ನನ್ನ ಅಜ್ಜಿ, ಮನೆಗೆ ಗ್ಯಾಸ್ ಬಂದ ದಿನವೇ ಊದುಕೊಳವೆಯನ್ನು ಹಿತ್ತಿಲಿಗೆ ಎಸೆದಿದ್ದರು. ಅದನ್ನು ಹುಡುಕಿ ತಂದು, ಒರೆಸಿ, ಗೋಡೆಗೆ ತೂಗುಹಾಕಿ ಬಂದವರಿಗೆಲ್ಲ ತೋರಿಸಿದವನು ನಾನು. ಒಲೆಯ ಹತ್ತಿರ ಹೋದವನೇ ಅಲ್ಲ. ನನ್ನ ಈ ಗುಣವನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಮುಂದೆ ಹೇಳುವ ಪಂಪಿನ ಪ್ರಸಂಗದಲ್ಲಿ ನಾನು ಬುದ್ಧಿವಂತನಾಗಿ ಕಾಣಿಸಿಕೊಳ್ಳುವ ಘಟ್ಟ ಎಲ್ಲಿಯೂ ಬರುವುದಿಲ್ಲ.

ಆಗ ನಾವು ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿದ್ದೆವು. ಕೌಲಾಲಂಪುರದ ಅವಳಿ ಗೋಪುರಗಳು ಹೊಸದಾಗಿ ತಲೆ ಎತ್ತಿದ್ದವು. ಆ ವರ್ಷ ಕಾಡಿನ ಬೆಂಕಿಯ ಹೊಗೆ ಊರಿಗೆಲ್ಲ ಕವಿದು ಅವುಗಳ ತುದಿ ಕಾಣುತ್ತಲೇ ಇರಲಿಲ್ಲ ಎನ್ನುವುದು ಬೇರೆ ಮಾತು. ನಾನು ಮೆಡಿಕಲ್ ಕಾಲೇಜೊಂದರಲ್ಲಿ ಪೆಥಾಲಜಿ ಪಾಠ ಹೇಳುತ್ತಿದ್ದೆ. ಹೆಂಡತಿ ವಸಂತಿ ದಂತವೈದ್ಯೆ. ಒಂದು ಭಾನುವಾರ ಸೆರಂಬಾನ್ ಕಡೆಯಿಂದ ಬರುವಾಗ ಕಾರು ಕೆಟ್ಟು, ರಸ್ತೆ ಬದಿಯ ಗ್ಯಾರೇಜಿನಲ್ಲಿ ಕಾಯಬೇಕಾಯಿತು. ಅದರ ಹಿತ್ತಿಲಿನ ಹುಲ್ಲಿನ ನಡುವೆ ನಿಂತಿತ್ತು ಈ ಮಹಾನುಭಾವ. ಆಳೆತ್ತರದ ಕಬ್ಬಿಣದ ಕಂಬ, ತಲೆಯ ಮೇಲೆ ದೊಡ್ಡ ಗಾಜಿನ ಕೊಳಗ, ಪಕ್ಕದಲ್ಲಿ ಉದ್ದನೆಯ ಹಿಡಿ. ಹಿಡಿಯನ್ನು ಹಿಂದೆ ಮುಂದೆ ಎಳೆದರೆ ನೆಲದಡಿಯ ತೊಟ್ಟಿಯಿಂದ ಪೆಟ್ರೋಲು ಗಾಜಿಗೆ ಏರುತ್ತಿತ್ತಂತೆ. ಗಿರಾಕಿ ಕಣ್ಣಾರೆ ಅಳತೆ ನೋಡಿ ತಲೆಯಾಡಿಸಿದ ಮೇಲೆ ಅದು ಕಾರಿಗೆ ಇಳಿಯುತ್ತಿತ್ತಂತೆ. ಹತ್ತಿರದ ರಬ್ಬರ್ ಎಸ್ಟೇಟಿನಿಂದ ಬಂದದ್ದು ಎಂದು ಹೇಳಿದ ಗ್ಯಾರೇಜಿನವನು, "ಬೇಕಾದರೆ ತೊಗೊಂಡು ಹೋಗಿ, ಜಾಗ ಖಾಲಿಯಾಗಲಿ" ಎಂದ. ನಾನು ಹೂಂ ಅಂದೆ. ಅದೊಂದು ವಿಷಯದಲ್ಲಿ ಮಾತ್ರ ನಾನು ತಡಮಾಡಲಿಲ್ಲ.

ಮರುವಾರ ಲಾರಿಯಿಂದ ಇಳಿದ ಪಂಪು ನಮ್ಮ ಪೋರ್ಚಿನಲ್ಲಿ ನಿಂತಿತು, ಕಾರು ಬೀದಿಗೆ ಹೋಯಿತು. ವಸಂತಿ ಸೊಂಟಕ್ಕೆ ಕೈ ಕೊಟ್ಟು, "ಇದೆಂತ ಮಾರಾಯ್ರೆ? ಮುಟ್ಟಿದರೆ ಧನುರ್ವಾಯು ಬರುವ ಹಾಗೆ ಉಂಟು" ಎಂದಳು. ಹತ್ತು ವರ್ಷದ ಮಗಳು ಅನಘಾ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವವಳು. "ಡ್ಯಾಡಿ, ಸೋ ಅಗ್ಲಿ ಲಾ" ಎಂದು, ಅಲ್ಲಿಯವರ ಹಾಗೆ ಮಾತಿನ ಬಾಲಕ್ಕೊಂದು 'ಲಾ' ಸೇರಿಸಿ, ಒಳಗೆ ಹೋದಳು.

ತುಕ್ಕು ಕೆರೆದು, ಬಣ್ಣ ಬಳಿದು ಹೊಸದರಂತೆ ಮಾಡಬೇಕೋ, ಇದ್ದ ಹಾಗೆಯೇ ಕಾಪಾಡಬೇಕೋ ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು. ವಸಂತಿಗೆ ಪ್ರಶ್ನೆಯೇ ಇರಲಿಲ್ಲ. "ಹುಳುಕು ಹಲ್ಲನ್ನು ಚಂದ ಉಂಟು ಅಂತ ಬಿಡ್ತೇವಾ? ಕೆರೆದು ತುಂಬಿಸುದು ಅಷ್ಟೆ." ನಾನೋ, ಜನ್ಮವಿಡೀ ಕೆಟ್ಟುಹೋದ ಅಂಗಾಂಗಗಳನ್ನು ಫಾರ್ಮಾಲಿನ್ ಜಾಡಿಯಲ್ಲಿ ಜೋಪಾನ ಮಾಡಿದವನು. ಕಾಲೇಜಿನಲ್ಲಿ ನನ್ನ ಹಿರಿಯರಾಗಿದ್ದ ಡಾಕ್ಟರ್ ಚಾಂಗ್ ಹಳೆಯ ವಸ್ತುಗಳ ದೊಡ್ಡ ಭಕ್ತರು. ಅವರು ಬಂದು ಪಂಪಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, "ಮುಟ್ಟಬೇಡ ಲಾ! ಈ ತುಕ್ಕೇ ಇದರ ಚರಿತ್ರೆ" ಎಂದು ಅಪ್ಪಣೆ ಕೊಟ್ಟರು. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಸಂಜೆ ವಸಂತಿಗೆ ನನ್ನದೇ ಮಾತೆಂಬಂತೆ ಹೇಳಿದೆ. ಅವಳು, "ಚರಿತ್ರೆ ನೆಲಕ್ಕೆಲ್ಲ ಉದುರ್ತಾ ಉಂಟು, ಗುಡಿಸಿ" ಎಂದು ಪೊರಕೆ ಕೊಟ್ಟಳು.

ಹೀಗೆ ಎರಡು ತಿಂಗಳು ಕಳೆದವು. ಬಣ್ಣದಂಗಡಿಗೆ ಹೋಗಿ ಬಣ್ಣದ ಪಟ್ಟಿ ತಂದೆ. ತುಕ್ಕು ಹೆಚ್ಚದಂತೆ ಹಚ್ಚುವ ಎಣ್ಣೆಯನ್ನೂ ತಂದೆ. ಎರಡನ್ನೂ ಪಂಪಿನ ಬುಡದಲ್ಲಿಟ್ಟು ಯೋಚಿಸುತ್ತ ಕುರ್ಚಿಯಲ್ಲಿ ಕೂರುತ್ತಿದ್ದೆ.

ಪಕ್ಕದ ಮನೆಗೆ ಅರುಮುಗಂ ಎಂಬ ಹಿರಿಯರು ಮಗನ ಜೊತೆ ಇರಲು ಬಂದದ್ದು ಆಗ. ಎಪ್ಪತ್ತು ದಾಟಿದ, ಕಡ್ಡಿಯಂಥ ಮನುಷ್ಯ. ತಮಿಳು, ಮಲಯ್, ಇಂಗ್ಲಿಷ್ ಮೂರನ್ನೂ ಬೆರೆಸಿ ಮಾತಾಡುತ್ತಿದ್ದರು. ಅವರ ಮಾತನ್ನು ಇಲ್ಲಿ ಕನ್ನಡಕ್ಕೆ ಇಳಿಸಿಕೊಂಡಿದ್ದೇನೆ. ಒಂದು ಬೆಳಿಗ್ಗೆ ಅವರು ಗೇಟಿನಾಚೆ ನಿಂತು ಪಂಪನ್ನು ನೋಡುತ್ತಲೇ ಇದ್ದರು. ಒಳಗೆ ಕರೆದೆ. ಬಂದವರೇ ಕಂಬದ ಎಡಬದಿಗೆ ಬಗ್ಗಿ, ಅಲ್ಲಿದ್ದ ಅಂಗೈಯಗಲದ ಗುಳಿಯನ್ನು ಸವರಿದರು.

"ಇದು ನಮ್ಮ ಎಸ್ಟೇಟಿಂದು ಸಾರ್. ಹನ್ನೊಂದು ವರ್ಷ ಇದರ ಹಿಡಿ ನಾನೇ ಎಳೆದಿದ್ದೀನಿ."

ನಾನು ಕುರ್ಚಿಯಿಂದ ಎದ್ದೆ. ಗುಳಿಯ ಕಥೆಯನ್ನೂ ಅವರೇ ಹೇಳಿದರು. ಎಸ್ಟೇಟಿನ ಬಿಳಿ ದೊರೆ ಕಾರನ್ನು ಹಿಂದಕ್ಕೆ ತೆಗೆಯುವಾಗ ನೇರ ಪಂಪಿಗೆ ಗುದ್ದಿದನಂತೆ. ಇಳಿದು ಬಂದು ಇವರನ್ನೇ ಗದರಿದನಂತೆ: ಪಂಪನ್ನು ಅಲ್ಲಿ ಯಾಕೆ ನಿಲ್ಲಿಸಿದ್ದೆ ಎಂದು. "ನೆಲದಲ್ಲಿ ಹೂತಿರೋ ಪಂಪು ಸಾರ್! ಕೆಲಸ ಹೋಗತ್ತೆ ಅಂತ ಹೆಂಡತಿ ಒಂದು ವಾರ ಅತ್ತಳು. ಹೋಗಲಿಲ್ಲ. ಯಾಕೆ ಗೊತ್ತಾ? ಈ ಹಿಡಿ ಎಳೆಯೋಕೆ ಬೇರೆ ಯಾರಿಗೂ ಬರ್ತಿರಲಿಲ್ಲ."

ನನ್ನ ಮೈ ಪುಳಕಗೊಂಡಿತು. ಚರಿತ್ರೆ ಖುದ್ದಾಗಿ ನಮ್ಮ ಪೋರ್ಚಿಗೆ ಬಂದಿದೆ! ಭಾವುಕನಾಗಿ ಹೇಳಿದೆ: "ನೀವೇನೂ ಯೋಚನೆ ಮಾಡಬೇಡಿ. ಇದನ್ನು ಹೀಗೇ, ಈ ತುಕ್ಕಿನ ಸಮೇತ ಕಾಪಾಡ್ತೇನೆ."

ಅರುಮುಗಂ ನನ್ನ ಮುಖವನ್ನೇ ನೋಡಿದರು. "ಹೀಗೇನಾ? ದಿನಾ ಬೆಳಿಗ್ಗೆ ಎಣ್ಣೆ ಬಟ್ಟೇಲಿ ಒರೆಸ್ತಿದ್ದೆ ಸಾರ್. ದೀಪಾವಳಿಗೆ ನನ್ನ ಮನೆಗೆ ಸುಣ್ಣ ಬಳೀದಿದ್ರೂ ಇದಕ್ಕೆ ಬಣ್ಣ ಬಳೀತಿದ್ದೆ. ಕನ್ನಡಿ ಥರ ಇತ್ತು. ಹೀಗೆ ನಿಲ್ಲಿಸಿದ್ರೆ ನೋಡಿದವರು ಏನಂತಾರೆ? ಇಟ್ಟುಕೊಂಡವನು ಸೋಮಾರಿ ಅಂತಾರೆ."

ನಾನು ತಡವರಿಸಿ, ಹಾಗಾದರೆ ಗುಳಿಯನ್ನೂ ತಟ್ಟಿ ಸರಿಮಾಡಿಸೋಣವೇ ಎಂದು ಕೇಳಿದೆ.

"ಅದು ಬೇಡ. ಗುಳಿಗೆ ಒಂದು ಕಥೆ ಇದೆ. ತುಕ್ಕಿಗೇನಿದೆ? ಯಾರೂ ಒರೆಸಲಿಲ್ಲ, ಅಷ್ಟೆ."

ಎರಡು ತಿಂಗಳು ಕುರ್ಚಿಯಲ್ಲಿ ಕೂತು ನಾನು ಬಿಡಿಸಲಾಗದ ಗಂಟನ್ನು ಅವರು ನಿಂತಲ್ಲೇ ಬಿಡಿಸಿಬಿಟ್ಟರು. ಅಡುಗೆಮನೆಯ ಕಿಟಕಿಯಿಂದ ವಸಂತಿ, "ಅವರಿಗೆ ಕಾಫಿ ತರ್ತೇನೆ, ಕೂತ್ಕೊಳ್ಳಿಕ್ಕೆ ಹೇಳಿ" ಎಂದು ಕೂಗಿದಳು. ನನಗೆ ಆ ಮನೆಯಲ್ಲಿ ಅಷ್ಟು ಉತ್ಸಾಹದ ಕಾಫಿ ಎಂದೂ ಸಿಕ್ಕಿರಲಿಲ್ಲ.

ಮರುದಿನದಿಂದ ನಾನು ಅರುಮುಗಂ ಕೈಕೆಳಗೆ ಕೆಲಸಕ್ಕೆ ಸೇರಿದೆ. ಮರಳು ಕಾಗದ ಹಿಡಿದು ಉಜ್ಜುವುದು ನನ್ನ ಪಾಲು. ಅವರು ಹಿಡಿಯ ಒಳಭಾಗ ಬಿಚ್ಚಿ, ಒಣಗಿ ಹೋಗಿದ್ದ ಚರ್ಮದ ವಾಷರುಗಳನ್ನು ತೆಗೆದು ಹೊಸವನ್ನು ತಾವೇ ಕತ್ತರಿಸಿ ಕೂರಿಸಿದರು. "ಡಾಕ್ಟ್ರೇ, ಉಜ್ಜಿ. ಸವರೋದಲ್ಲ" ಎಂದು ಆಗಾಗ ಎಚ್ಚರಿಸುತ್ತಿದ್ದರು. ಅವರ ಮಗ ಹೇಳಿದ ಪ್ರಕಾರ, ಎಸ್ಟೇಟು ಬಿಟ್ಟು ಬಂದ ಮೇಲೆ ಅಪ್ಪ ಟಿವಿಯ ಮುಂದೆ ಕೂತವರು ಏಳುತ್ತಲೇ ಇರಲಿಲ್ಲ. ಈಗ ಊಟಕ್ಕೆ ಕರೆದರೂ ಬರುವುದಿಲ್ಲವಂತೆ.

ದೀಪಾವಳಿಯ ಹೊತ್ತಿಗೆ ಹೊಗೆ ಕರಗಿತು, ಪಂಪು ಕೆಂಪಾಗಿ ಮಿರಮಿರ ಮಿಂಚಿತು. ಹಬ್ಬಕ್ಕೆ ಬಂದ ನೆಂಟರಿಷ್ಟರ ಮುಂದೆ ಅರುಮುಗಂ ಗರಿಗರಿ ವೇಷ್ಟಿ ಉಟ್ಟು ನಿಂತು, ಅನಘಾ ಗುಲಾಬಿ ಸಿರಪ್ಪು ಬೆರೆಸಿಟ್ಟ ಬಕೆಟ್ಟಿನೊಳಗೆ ಕೊಳವೆ ಇಳಿಸಿ ಹಿಡಿ ಎಳೆದರು. ಒಂದು, ಎರಡು, ಮೂರು. ಗಾಜಿನೊಳಗೆ ಕೆಂಪು ನೀರು ಗುಳುಗುಳು ಏರಿತು. ಅನಘಾ, "ತಾತಾ, ಒನ್ಸ್ ಮೋರ್!" ಎಂದು ಕುಣಿದಳು. ಅರುಮುಗಂ ಬೀಗಿದರು.

ಆ ಹೊತ್ತಿಗೇ ಡಾಕ್ಟರ್ ಚಾಂಗ್ ಗೇಟು ತೆರೆದರು. ಪಂಪನ್ನು ನೋಡಿ ಕೈಯಲ್ಲಿದ್ದ ಕಿತ್ತಳೆಯ ಬುಟ್ಟಿಯನ್ನು ನೆಲಕ್ಕಿಟ್ಟು, "ಅಯ್ಯೋ! ಇದನ್ನು ಹೀಗೆ ಹಾಳು ಮಾಡಿದವರು ಯಾರು?" ಎಂದರು. ಅರುಮುಗಂ ಕೈ ಹಿಡಿಯ ಮೇಲೇ ನಿಂತಿತು.

"ನಾನೇ," ಎಂದೆ. "ಬಹಳ ಯೋಚಿಸಿ ಮಾಡಿದ್ದು."

ಡಾಕ್ಟರ್ ಚಾಂಗ್ ನನ್ನನ್ನು ಕಾಯಿಲೆಯವನಂತೆ ನೋಡಿ ಚಕ್ಕುಲಿಯ ತಟ್ಟೆಯ ಕಡೆ ನಡೆದರು. ಜೀವನದಲ್ಲಿ ಮೊದಲ ಸಲ ಒಂದು ತೀರ್ಮಾನಕ್ಕೆ ಹೊಣೆ ಹೊತ್ತ ಹೆಮ್ಮೆಯಲ್ಲಿ ನಾನು ಎದೆಯುಬ್ಬಿಸಿ ನಿಂತಿದ್ದೆ. ಅರುಮುಗಂ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು:

"ನೀವು ಮಾಡಿದ್ದು ಅಂತ ಧಾರಾಳವಾಗಿ ಹೇಳಿ ಸಾರ್. ಹಿಂಭಾಗ ಮಾತ್ರ ಯಾರಿಗೂ ತೋರಿಸಬೇಡಿ. ನೀವು ಬಣ್ಣ ಬಳಿದ ಜಾಗ ಅದೊಂದೇ. ಅದಕ್ಕೇ ಗೋಡೆಗೆ ಒತ್ತಿ ನಿಲ್ಲಿಸಿದ್ದೀನಿ."